ಕಸ-ರಸ ಮೀಮಾಂಸೆ: ಅಗ್ಗದ ಕಲಿಕೋಪಕರಣಗಳ ಶಾಸ್ತ್ರೀಯ ವಿವೇಚನೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಕಾಣಸಿಗುವ ಸೋಡಾ ಬಾಟಲಿಯ ಮುಚ್ಚಳ, ಹುಣಸೆಬೀಜ, ಲಗ್ನಪತ್ರಿಕೆ, ಬೆಂಕಿಪೊಟ್ಟಣ, ಮೊಟ್ಟೆಯ ಟ್ರೇ ಮುಂತಾದ ವಸ್ತುಗಳನ್ನು ಲೋಕವು ಕಸವೆಂದೂ ಇಲಾಖೆಯು ಕಲಿಕೋಪಕರಣವೆಂದೂ ಕರೆಯುತ್ತದೆ. ಈ ಎರಡು ಹೆಸರುಗಳ ನಡುವಿನ ದೂರವನ್ನು ಅಳೆಯುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮಗುವಿನ ಕಲಿಕೆಗೆ ನೆರವಾಗಲೆಂದು ಶಿಕ್ಷಕರು ಒದಗಿಸುವ ವಸ್ತುವೇ ಕಲಿಕೋಪಕರಣವೆಂಬುದು ತರಬೇತಿಗಳಲ್ಲಿ ರೂಢಿಯಾದ ಲಕ್ಷಣ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ, ಎಂದರೆ ಅದು ಸಲ್ಲದ ವಸ್ತುವಿಗೂ ಸಲ್ಲುತ್ತದೆ, ಏಕೆಂದರೆ ಅದರ ಪ್ರಕಾರ ಹಳೆಯ ಕಾಲದ ಬೆತ್ತವೂ ಕಲಿಕೋಪಕರಣವಾಗಿಬಿಡುತ್ತದೆ. ಅವ್ಯಾಪ್ತಿ ದೋಷವೂ ಇದೆ, ಎಂದರೆ ಸಲ್ಲಬೇಕಾದುದಕ್ಕೆ ಸಲ್ಲುವುದಿಲ್ಲ, ಏಕೆಂದರೆ ಮಗು ತನ್ನ ಚಡ್ಡಿ ಜೇಬಿನಲ್ಲಿ ತಾನೇ ಹೊತ್ತು ತರುವ ಗೋಲಿ, ಕವಡೆ, ಹೊಂಗೆಕಾಯಿಗಳು ಅದರೊಳಗೆ ಬರುವುದಿಲ್ಲ. ಆದ್ದರಿಂದ ಹೊಸ ಲಕ್ಷಣವೊಂದನ್ನು ಕಟ್ಟಬೇಕಾಗುತ್ತದೆ: ಮನೆಯವರು ಎಸೆಯಲು ಕೈಯೆತ್ತಿದಾಗ ‘ಅದನ್ನ ಎಸೀಬೇಡಿ, ಸ್ಕೂಲಿಗೆ ಬೇಕಾಗುತ್ತೆ’ ಎಂಬ ಮಾತಿನಿಂದ ತಡೆಯಲ್ಪಟ್ಟದ್ದೇ ಕಲಿಕೋಪಕರಣ. ಈ ಮಾತನ್ನು ಶಾಸ್ತ್ರದ ಮಹಾವಾಕ್ಯವೆಂದು ಪರಿಗಣಿಸತಕ್ಕದ್ದು. ಮಹಾವಾಕ್ಯದ ಉಚ್ಚಾರಣೆಯಾದ ಕ್ಷಣದಿಂದ ವಸ್ತುವಿನ ಕಸತ್ವ ನಾಶವಾಗಿ ಅದು ಅಟ್ಟ ಸೇರುತ್ತದೆ.

ಶಾಸ್ತ್ರದ ಇತಿಹಾಸವನ್ನು ಬಹಳ ಹಿಗ್ಗಿಸಬೇಕಾದ ಅಗತ್ಯವಿಲ್ಲ. ಜರ್ಮನಿಯಲ್ಲಿ 1837ರಲ್ಲಿ ಪುಟ್ಟ ಮಕ್ಕಳ ಸಂಸ್ಥೆಯನ್ನು ತೆರೆದ ಫ್ರೋಬೆಲ್ ಮಕ್ಕಳ ಕೈಗಿತ್ತ ಮೊದಲ ‘ಉಡುಗೊರೆ’ ಆರು ಬಣ್ಣದ ಉಣ್ಣೆಯ ಚೆಂಡುಗಳು. ರೋಮಿನಲ್ಲಿ 1907ರಲ್ಲಿ ಮಾಂಟೆಸರಿ ತೆರೆದ ಮಕ್ಕಳ ಮನೆಯಿಂದ ನಯವಾಗಿ ಹೆರೆದ ಮರದ ತುಂಡುಗಳ ಪರಂಪರೆ ಹೊರಟಿತು. ಎರಡೂ ದುಬಾರಿ ಮಾರ್ಗಗಳು. ಅಗ್ಗದ ಮಾರ್ಗಕ್ಕೆ ಭಾರತದಲ್ಲಿ ಪ್ರತಿಷ್ಠೆ ಬಂದದ್ದು ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಿಂದ. ಅಲ್ಲಿಗೆ ಹೋದ ಎಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ಜೋಡಿಸಿ ತ್ರಿಕೋನ, ಚೌಕ, ಘನಾಕೃತಿಗಳನ್ನು ಮಾಡಿ ತೋರಿಸಿದರು. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಪ್ರತಿ ಶಾಲೆಗೆ ಎರಡು ಕೊಠಡಿ, ಇಬ್ಬರು ಶಿಕ್ಷಕರು ಹಾಗೂ ಒಂದಷ್ಟು ಸಾಮಗ್ರಿ ಇರಲೇಬೇಕೆಂದು ವಿಧಿಸಿತು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿಬಂದ ಶಿಕ್ಷಕರು ಹುಟ್ಟುಹಾಕಿದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದಾಗ ಶಾಸ್ತ್ರವು ತನ್ನ ಸುವರ್ಣಯುಗವನ್ನು, ಎಂದರೆ ರಟ್ಟಿನ ಯುಗವನ್ನು, ಪ್ರವೇಶಿಸಿತು. ಕಲಿಕಾ ಕಾರ್ಡುಗಳು, ಮಿಂಚುಪಟ್ಟಿಗಳು (ಒಂದು ಕ್ಷಣ ತೋರಿಸಿ ಮರೆಮಾಡುವ ಪದಗಳ ಪಟ್ಟಿಗಳು), ಮಕ್ಕಳು ಗುಂಪಾಗಿ ಕೂರುವ ‘ತಟ್ಟೆ’ಗಳು, ಗೋಡೆಯಿಂದ ಗೋಡೆಗೆ ಹುರಿ ಬಿಗಿದು ಮಕ್ಕಳ ಚಿತ್ರಗಳನ್ನು ನೇತುಹಾಕುವ ‘ಕಲಿಕಾ ಚಪ್ಪರ’ ಇವೆಲ್ಲ ಈ ಯುಗದ ಪ್ರಮುಖ ಅವಶೇಷಗಳು. ಚಪ್ಪರದ ಎತ್ತರವನ್ನು ಮಕ್ಕಳ ಕಣ್ಣಿಗೆ ತಕ್ಕಂತೆ ಇಳಿಸಬೇಕೆಂಬ ನಿಯಮವಿರುವುದರಿಂದ, ಎತ್ತರದ ಮೇಷ್ಟ್ರುಗಳು ತಮ್ಮ ಸೇವಾವಧಿಯ ಬಹುಭಾಗವನ್ನು ವಿನಯದ ಭಂಗಿಯಲ್ಲೇ ಕಳೆದಿರುವುದು ಶಾಸ್ತ್ರದ ಅನಿರೀಕ್ಷಿತ ನೈತಿಕ ಫಲ.

ಇನ್ನು ಅರ್ಥಭಾಗ. ಸರ್ವ ಶಿಕ್ಷಣ ಅಭಿಯಾನವು ಪ್ರತಿ ಶಿಕ್ಷಕರಿಗೆ ಕಲಿಕೋಪಕರಣ ತಯಾರಿಕೆಗೆಂದು ವರ್ಷಕ್ಕೆ 500 ರೂಪಾಯಿಗಳನ್ನು ಗೊತ್ತುಮಾಡಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕಾದ್ದರಿಂದ ದಿನಕ್ಕೆ ಎರಡೂವರೆ ರೂಪಾಯಿಯಾಯಿತು; ಅದೇ ಕಾಯ್ದೆ 30 ಮಕ್ಕಳಿಗೊಬ್ಬ ಶಿಕ್ಷಕರೆಂದು ಹೇಳುವುದರಿಂದ ಮಗುವೊಂದಕ್ಕೆ ದಿನಕ್ಕೆ ಎಂಟು ಪೈಸೆ, ಮೇಲೆ ಪೈಸೆಯ ಮೂರನೆಯ ಒಂದು ಪಾಲು. 25 ಪೈಸೆ ಹಾಗೂ ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವಾದ್ದರಿಂದ, ಈ ಮೊತ್ತವನ್ನು ಮಗುವಿನ ಕೈಯಲ್ಲಿ ಇಡಲು ಭೌತಿಕವಾಗಿ ಸಾಧ್ಯವೇ ಇಲ್ಲ. ಹೀಗೆ ಹಣವು ಅತೀಂದ್ರಿಯವಾದಾಗ ಶಿಕ್ಷಕರು ಇಂದ್ರಿಯಗೋಚರವಾದ ಕಸದ ಕಡೆಗೆ ತಿರುಗಿದರೆಂಬುದು ಈ ಶಾಸ್ತ್ರದ ಆರ್ಥಿಕ ವ್ಯಾಖ್ಯಾನ. ಅಗ್ಗವೆಂಬ ಮಾತಿನ ನಿಜಾರ್ಥವೂ ಇಲ್ಲಿ ತಿಳಿಯುತ್ತದೆ: ಯಾವುದರ ಬೆಲೆಯನ್ನು ರೂಪಾಯಿಯ ಬದಲು ಶಿಕ್ಷಕಿಯ ಭಾನುವಾರದಿಂದ ತೆರಲಾಗುವುದೋ ಅದು ಅಗ್ಗ. ಭಾನುವಾರಕ್ಕೆ ಬಿಲ್ಲು ಇರುವುದಿಲ್ಲ, ಬಿಲ್ಲಿಲ್ಲದ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಾಗುವುದಿಲ್ಲ.

ಕಸದಿಂದ ರಸ ಎಂಬ ನುಡಿ ಶಿಕ್ಷಕರ ತರಬೇತಿಗಳಲ್ಲಿ ಬಳಸಿ ಬಳಸಿ ಸವೆದುಹೋಗಿದ್ದರೂ, ರಸ ಇಲ್ಲಿ ನಿಷ್ಪತ್ತಿಯಾಗುವ ಬಗೆಯನ್ನು ಅಲಂಕಾರಶಾಸ್ತ್ರದ ನೆರವಿನಿಂದ ವಿವೇಚಿಸಿದವರು ವಿರಳ. ಭರತನ ಪರಂಪರೆಯ ಪರಿಭಾಷೆಯಲ್ಲಿ ಮುಚ್ಚಳವು ಆಲಂಬನ ವಿಭಾವ, ಎಂದರೆ ಭಾವಕ್ಕೆ ಆಸರೆಯಾದ ವಸ್ತು. ‘ನಾಳೆ ಶಾಲಾ ಸಂದರ್ಶನ’ ಎಂದು ಸಂಜೆ ಏಳಕ್ಕೆ ಫೋನಿಗೆ ಬರುವ ಸಂದೇಶ ಉದ್ದೀಪನ ವಿಭಾವ, ಎಂದರೆ ಭಾವವನ್ನು ಕೆರಳಿಸುವಂಥದು. ಕತ್ತರಿಯಿಂದ ಬೊಬ್ಬೆ ಬಂದ ಹೆಬ್ಬೆರಳು, ಬೆರಳ ತುದಿಯಲ್ಲಿ ಒಣಗಿ ಸಿಪ್ಪೆಯೇಳುವ ಫೆವಿಕಾಲ್ ಇವು ಅನುಭಾವಗಳು, ಎಂದರೆ ಹೊರಗೆ ತೋರುವ ಕುರುಹುಗಳು. ಬಂದುಹೋಗುವ ವ್ಯಭಿಚಾರಿ ಭಾವಗಳನ್ನು ಪ್ರಾಚೀನರು 33 ಎಂದು ಎಣಿಸಿದ್ದು, ಅವುಗಳಲ್ಲಿ ಗ್ಲಾನಿ, ಶಂಕೆ, ಶ್ರಮ, ನಿದ್ರೆ ಈ ನಾಲ್ಕು ರಾತ್ರಿ ಹನ್ನೊಂದರ ಹೊತ್ತಿಗೆ ಒಟ್ಟಿಗೇ ಬರುತ್ತವೆ. ಅತಿ ಮುಖ್ಯವಾದದ್ದು ಸಾಧಾರಣೀಕರಣ: ವಸ್ತುವು ತನ್ನ ಖಾಸಗಿ ಪೂರ್ವೇತಿಹಾಸವನ್ನು ಕಳೆದುಕೊಂಡು ಎಲ್ಲರಿಗೂ ಸಮಾನವಾದ ಅರ್ಥವನ್ನು ಪಡೆಯುವುದು. ಮುಚ್ಚಳದ ಒಳಮೈಗೆ ಬಿಳಿ ಕಾಗದದ ಬಿಲ್ಲೆ ಅಂಟಿಸಿ ‘ಅ’ ಎಂದು ಬರೆದಾಗ ಅದು ಬಾಟಲಿಯನ್ನು ಮರೆತು ಅಕ್ಷರವಾಗಬೇಕು. ಆದರೆ ಮುಚ್ಚಳಗಳು ರಾಶಿಯಾಗಿ ಸಿಗುವ ಸ್ಥಳ ಹೆಚ್ಚಿನ ಊರುಗಳಲ್ಲಿ ವೈನ್ ಶಾಪಿನ ಮುಂಭಾಗವೇ ಆಗಿರುವುದರಿಂದ, ಮಗುವು ಬಿಲ್ಲೆಯನ್ನು ಓದದೆ ಮುಚ್ಚಳವನ್ನು ಮಗುಚಿ ನೋಡಿ ‘ಮಿಸ್, ನಮ್ಮಪ್ಪ ಕುಡಿಯೋದೂ ಇದೇನೇ’ ಎಂದುಬಿಟ್ಟರೆ ಅಲ್ಲಿಗೆ ರಸಭಂಗ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದು ಅಷ್ಟೇ ಮುಚ್ಚಳಗಳು ಬೇಕಾಗುವುದರಿಂದ, ಮೇಷ್ಟ್ರೊಬ್ಬರು ಆ ಅಂಗಡಿಯ ಮುಂದೆ ಕನಿಷ್ಠ 49 ಬಾರಿ ಬಗ್ಗಬೇಕು. ಅದನ್ನು ಕಂಡ ಊರವರಿಗೆ ವರ್ಣಮಾಲೆಯ ಮೇಲೆ ಹುಟ್ಟುವ ಅಭಿಪ್ರಾಯ ಬೇರೆ ವಿಷಯ.

ಮುಚ್ಚಳದ ಗಣಿತವೂ ಗಮನಾರ್ಹ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ಈ ತಗಡಿನ ಮುಚ್ಚಳಕ್ಕೆ ಮೊದಲು 24 ಹಲ್ಲುಗಳಿದ್ದವು. ಇಂದಿನದಕ್ಕೆ ಇರುವುದು 21. ಇಪ್ಪತ್ತನಾಲ್ಕನ್ನು ಎರಡು, ಮೂರು, ನಾಲ್ಕು, ಆರು, ಎಂಟು, ಹನ್ನೆರಡರಿಂದ ಭಾಗಿಸಬಹುದಾಗಿದ್ದರೆ ಇಪ್ಪತ್ತೊಂದನ್ನು ಮೂರು ಮತ್ತು ಏಳರಿಂದ ಮಾತ್ರ ಭಾಗಿಸಬಹುದು. ಪಾನೀಯ ಉದ್ಯಮವು ಮೂರು ಹಲ್ಲುಗಳನ್ನು ಕಿತ್ತಾಗ ಮಗ್ಗಿಗೆ ಆದ ನಷ್ಟವನ್ನು ಯಾರೂ ಕೇಳಿದಂತಿಲ್ಲ.

ಅಂಟಿನ ವಿಷಯದಲ್ಲಿ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ. ಕವಿರಾಜಮಾರ್ಗವು ಕಾವ್ಯದಲ್ಲಿ ದಕ್ಷಿಣ, ಉತ್ತರವೆಂಬ ಎರಡು ಮಾರ್ಗಗಳನ್ನು ಗುರುತಿಸಿದಂತೆ, ಇಲ್ಲಿಯೂ ಗಂಜಿಮಾರ್ಗ, ಡಬ್ಬಿಮಾರ್ಗಗಳೆಂಬ ಎರಡನ್ನು ಗುರುತಿಸಬಹುದು. ಗಂಜಿಮಾರ್ಗದವರು ಮೈದಾಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ, ಹಿಟ್ಟಿನ ಬಿಳುಪು ಹೋಗಿ ಗಾಜಿನ ಮಬ್ಬು ಬರುವವರೆಗೆ ಕಾಯಿಸಿ ಇಳಿಸುತ್ತಾರೆ. ಈ ಅಂಟಿಗೆ ಖರ್ಚಿಲ್ಲ. ಆದರೆ ಜಿರಲೆ, ಇಲಿಗಳು ಅಂಟನ್ನು ಆಹಾರವೆಂದೇ ತಿಳಿಯುತ್ತವೆ. ಗೋಡೆಗೆ ಭಿತ್ತಿಪತ್ರ ಹಚ್ಚುವವರು ಕೀಟಗಳ ಕಾಟಕ್ಕೆ ಮೈಲುತುತ್ತ ಬೆರೆಸುವ ಪದ್ಧತಿಯಿದ್ದರೂ, ಅದು ವಿಷವಾದ್ದರಿಂದ ಬೆರಳು ಚೀಪುವ ವಯಸ್ಸಿನ ತರಗತಿಯಲ್ಲಿ ಅದು ನಿಷಿದ್ಧ. ಡಬ್ಬಿಮಾರ್ಗದವರು ಅಂಗಡಿಯಿಂದ ತರುತ್ತಾರೆ ಎಂಬುದನ್ನು ಬಿಟ್ಟರೆ ಅವರ ಬಗ್ಗೆ ಹೇಳಬೇಕಾದದ್ದೇನೂ ಇಲ್ಲ. ಮೂರನೆಯದೊಂದು ದೇಸಿ ಮಾರ್ಗವನ್ನು ಮಕ್ಕಳೇ ಕಂಡುಕೊಂಡಿದ್ದಾರೆ: ಬಿಸಿಯೂಟದ ತಟ್ಟೆಯಲ್ಲಿ ಉಳಿದ ಎರಡು ಅಗುಳನ್ನು ಕಾಗದದ ಮೇಲಿಟ್ಟು ಹೆಬ್ಬೆರಳಿನಿಂದ ಅರೆದುಬಿಡುವುದು. ಇದಕ್ಕೆ ತರಬೇತಿ ಬೇಕಿಲ್ಲದ ಕಾರಣ ಯಾವ ತರಬೇತಿಯಲ್ಲೂ ಇದರ ಪ್ರಸ್ತಾಪವಿಲ್ಲ.

ಸಾಮಗ್ರಿಯು ನೆಲವನ್ನು ಹೊಂದಿಕೊಂಡಿರುತ್ತದೆ. ಬಯಲುಸೀಮೆಯ ಉತ್ತರ ಭಾಗದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಎತ್ತು ಮಾಡುವ ಕೈಗಳಿಗೆ ಗೋಳ, ಶಂಕು, ಸಿಲಿಂಡರುಗಳು ಹೊಸವಲ್ಲ. ಜೋಳದ ದಂಟಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ ಹೂಡುವ ಹುಡುಗನಿಗೆ ಅಚ್ಚು, ಚಕ್ರಗಳ ಪಾಠವನ್ನು ಎರಡನೆಯ ಸಲ ಮಾಡಿದಂತಾಗುತ್ತದೆ. ಮಲೆನಾಡಿನಲ್ಲಿ ಅಡಿಕೆಯ ಹಾಳೆ ತಟ್ಟೆಯೂ ಹೌದು, ಟೊಪ್ಪಿಯೂ ಹೌದು, ಒಬ್ಬ ಕೂತು ಇನ್ನೊಬ್ಬ ಎಳೆದರೆ ಘರ್ಷಣೆಯ ಪಾಠವೂ ಹೌದು. ಸ್ಲೇಟು ಒರೆಸಲು ಅಲ್ಲಿ ನೀರುಕಡ್ಡಿಯ ದಂಟು ಬೇಲಿಯ ಬುಡದಲ್ಲೇ ಸಿಗುತ್ತದೆ. ಗುಲಗಂಜಿಯ ಕೆಂಪು-ಕಪ್ಪು ಚೆಲುವನ್ನು ಕಂಡು ಎಣಿಕೆಗೆ ಬಳಸಬಯಸುವವರಿಗೆ ಶಾಸ್ತ್ರವು ಇಲ್ಲಿ ತಮಾಷೆಯನ್ನು ಬದಿಗಿಟ್ಟು ಹೇಳಬೇಕಾಗುತ್ತದೆ: ಅದು ಘೋರ ವಿಷ, ಬೇಡ.

ಕಾಗದದ ಮೂಲಗಳಲ್ಲಿ ಗೋಡೆಯ ಕ್ಯಾಲೆಂಡರಿನ ದಪ್ಪ ಅಂಕಿಗಳು ಶ್ರೇಷ್ಠವಾದವು. ಒಂದು ಹಳೆಯ ಕ್ಯಾಲೆಂಡರನ್ನು ಕತ್ತರಿಸಿದರೆ 1ರಿಂದ 28ರವರೆಗಿನ ಪ್ರತಿ ಸಂಖ್ಯೆಯೂ 12 ಸಲ ದೊರೆಯುತ್ತದೆ. 30 ದೊರೆಯುವುದು 11 ಸಲ, 31 ಏಳೇ ಸಲ, 29 ಅಧಿಕ ವರ್ಷದಲ್ಲಿ ಮಾತ್ರ 12 ಸಲ. ಮೂವತ್ತು ಮಕ್ಕಳ ತರಗತಿಯಲ್ಲಿ 31ಕ್ಕಾಗಿ ನಡೆಯುವ ಜಗಳಕ್ಕೆ ಮೂಲ ಕಾರಣ ಹೀಗೆ ಪ್ರಾಚೀನ ರೋಮಿನ ಪಂಚಾಂಗದಲ್ಲಿದೆಯೇ ಹೊರತು ಶಿಕ್ಷಕಿಯ ನಿರ್ವಹಣೆಯಲ್ಲಿ ಅಲ್ಲ. ಬಿಸಿಯೂಟದ ಜೊತೆಗೆ ಮೊಟ್ಟೆ ಬಂದಮೇಲೆ ಅದರ ಟ್ರೇ, ಐದು ಸಾಲು ಆರು ಗುಳಿ ಒಟ್ಟು 30, ಗುಣಾಕಾರಕ್ಕೆ ಇಲಾಖೆಯು ಅರಿಯದೆ ಕೊಟ್ಟ ಅತ್ಯುತ್ತಮ ಉಪಕರಣವಾಗಿದೆ. ಲಗ್ನಪತ್ರಿಕೆಯ ಹಿಂಬದಿ ಖಾಲಿಯಿರುವುದರಿಂದ ಅದು ಮಿಂಚುಪಟ್ಟಿಗೆ ಒದಗುತ್ತದೆ. ‘ಬಸವ’ ಎಂಬ ಪದವನ್ನು ತಿರುಗಿಸಿದರೆ ಯಾರದೋ ಮುಹೂರ್ತ, ಯಾವುದೋ ಛತ್ರ. ಉಡುಗೊರೆ ಬೇಡವೆಂಬ ಒಕ್ಕಣೆಯಿರುವ ಪತ್ರಿಕೆಯೇ ಶಾಲೆಗೆ ಉಡುಗೊರೆಯಾಗುವುದನ್ನು ಆಲಂಕಾರಿಕರು ವಿರೋಧಾಭಾಸವೆನ್ನುತ್ತಾರೆ. ಫ್ಲೆಕ್ಸ್ ಬ್ಯಾನರುಗಳನ್ನು ರಾಜ್ಯ ಸರ್ಕಾರವು 2016ರಲ್ಲಿ ನಿಷೇಧಿಸಿದ ನಂತರವೂ ಈ ಗಣಿ ಬತ್ತಿಲ್ಲ; ಬೋರಲು ಹಾಸಿ ಹಿಂಬದಿಗೆ ಸಂಖ್ಯಾರೇಖೆ ಬರೆದರೆ ಮಕ್ಕಳು ಸೊನ್ನೆಯಿಂದ ಇಪ್ಪತ್ತಕ್ಕೆ ಕುಪ್ಪಳಿಸುತ್ತಾರೆ, ಕೆಳಗೆ ನಾಯಕರೊಬ್ಬರು ಕೈಮುಗಿದುಕೊಂಡೇ ಇರುತ್ತಾರೆ.

ಇಷ್ಟಾದ ಮೇಲೆ ಮೂಲಪ್ರಶ್ನೆಯೊಂದು ಉಳಿಯುತ್ತದೆ: ಈ ರಸವನ್ನು ಆಸ್ವಾದಿಸುವ ಸಹೃದಯ ಯಾರು? ಮಗುವೇ ಎಂಬುದು ಪೂರ್ವಪಕ್ಷ, ಎಂದರೆ ಖಂಡಿಸಲೆಂದೇ ಮೊದಲು ಮಂಡಿಸುವ ವಾದ. ಆದರೆ ಕಲಿಕೋಪಕರಣಗಳಲ್ಲಿ ಚೆಲುವಾದವು, ಬಣ್ಣದ ಕಾಗದದ ಅಂಚು ಕಟ್ಟಿ ಲ್ಯಾಮಿನೇಷನ್ ಮಾಡಿಸಿದವು, ಬೀರುವಿನಲ್ಲಿರುತ್ತವೆ, ಬೀರುವಿನ ಬೀಗದಕೈ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ, ಮುಖ್ಯೋಪಾಧ್ಯಾಯರು ಸಭೆಗೆ ಹೋಗಿರುತ್ತಾರೆ. ಸಮೂಹ ಸಂಪನ್ಮೂಲ ವ್ಯಕ್ತಿಗಳು, ಎಂದರೆ ಹತ್ತಾರು ಶಾಲೆಗಳಿಗೆ ಮಾರ್ಗದರ್ಶನಕ್ಕೆಂದು ನೇಮಕವಾಗಿ ಹೆಸರಿನಲ್ಲಷ್ಟೇ ಸಂಪನ್ಮೂಲವನ್ನು ಹೊತ್ತು ಬರಿಗೈಯಲ್ಲಿ ಬರುವವರು, ಬಂದ ದಿನ ಮಾತ್ರ ಬೀರು ತೆರೆಯುತ್ತದೆ. ಆದ್ದರಿಂದ ಸಹೃದಯರು ಅವರೇ ಎಂಬುದು ಸಿದ್ಧಾಂತ. ಇದರಿಂದ ಸಂಶೋಧಕರಿಗೊಂದು ಸುಲಭದ ಮಾನದಂಡವೂ ಸಿಗುತ್ತದೆ. ಬೆವರಿನಿಂದ ಅಂಚು ಕಪ್ಪಾಗಿ, ಮೂಲೆ ಮಡಚಿ, ಯಾರೋ ಕಚ್ಚಿದ ಗುರುತಿರುವ ಕಾರ್ಡನ್ನು ಮಕ್ಕಳು ಮುಟ್ಟಿದ್ದಾರೆ. ಹೊಳೆಯುವ ಕಾರ್ಡನ್ನು ಅತಿಥಿಗಳು ನೋಡಿದ್ದಾರೆ.

ಬೀರು ಸೇರಿದ ವಸ್ತುವು ದಾಸ್ತಾನು ವಹಿಯನ್ನೂ ಸೇರುತ್ತದೆ, ಎಂದರೆ ಶಾಲೆಯ ಚರಾಸ್ತಿಯನ್ನು ಕ್ರಮಸಂಖ್ಯೆ ಹಾಕಿ ಬರೆದಿಡುವ ಪುಸ್ತಕವನ್ನು. ಇಲ್ಲಿಂದ ಮುಂದಿನದು ಶಾಸ್ತ್ರದ ಅತ್ಯಂತ ಜಟಿಲ ಭಾಗ. ಕಸವನ್ನು ರಸ ಮಾಡಲು ಒಬ್ಬ ಶಿಕ್ಷಕಿ, ಒಂದು ಕತ್ತರಿ ಸಾಕು. ರಸವು ಹಳತಾಗಿ ಮತ್ತೆ ಕಸವಾದಾಗ ಅದನ್ನು ಎಸೆಯಬೇಕಾದರೆ ಪಟ್ಟಿ, ಠರಾವು, ಮೇಲಿನವರ ಅನುಮತಿ ಬೇಕು. ಬೀದಿಯಲ್ಲಿದ್ದಾಗ ಯಾರ ಕಾಲಿಗೂ ಒದೆಯಲು ಸಿಗುತ್ತಿದ್ದ ಮುಚ್ಚಳವು ಕ್ರಮಸಂಖ್ಯೆ ಪಡೆದ ಮೇಲೆ ಕಳೆದುಹೋಗುವ ಹಕ್ಕನ್ನು ಕಳೆದುಕೊಳ್ಳುತ್ತದೆ.

ಉದಾಹರಣೆಗೆ, ಜೂನ್ ತಿಂಗಳಲ್ಲಿ ‘ಹುಣಸೆಬೀಜ, 100’ ಎಂದು ವಹಿಯಲ್ಲಿ ನಮೂದಾಗಿದ್ದು, ಮಾರ್ಚ್ ಕೊನೆಗೆ ಡಬ್ಬಿಯಲ್ಲಿ 83 ಇದ್ದ ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. ಕೊರತೆ ಬಿದ್ದ 17ರಲ್ಲಿ ಹನ್ನೊಂದನ್ನು ಅಡುಗೆಕೋಣೆಯ ಕೆಂಡದಲ್ಲಿ ಹುರಿದು ತಿನ್ನಲಾಗಿದೆ, ಇದು ವ್ಯವಕಲನ. ನಾಲ್ಕನ್ನು ಹೊರಗಿನ ಜಗಲಿಯ ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ, ಒಂದು ಮೈ ಕಂದು ಮಾಡಿ ಚೌಕಾಬಾರಕ್ಕೆ ದಾಳವಾಗಿಸಲಾಗಿದೆ. ನಾಲ್ಕೂ ಬೋರಲು ಬಿದ್ದರೆ ಎಂಟೆಂಬ ಅದರ ನಿಯಮವನ್ನು ಮಕ್ಕಳು ಯಾವ ಕಾರ್ಡಿನ ನೆರವೂ ಇಲ್ಲದೆ ಕಲಿತಿದ್ದಾರೆ. ಒಂದು ಒಂದನೆಯ ತರಗತಿಯ ಹುಡುಗನ ಮೂಗನ್ನು ಹೊಕ್ಕು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರಬಂದಿದ್ದು, ಅದನ್ನು ಮರಳಿ ಡಬ್ಬಿಗೆ ಹಾಕಲು ಯಾರೂ ಒಪ್ಪಿಲ್ಲ. ಉಳಿದ ಒಂದು ಕೈತೊಳೆಯುವ ನಲ್ಲಿಯ ಕಾಲುವೆಗೆ ಉರುಳಿ, ಮಳೆಗಾಲದಲ್ಲಿ ಎರಡು ದಪ್ಪ ದಳ ಬಿಚ್ಚಿ, ಈಗ ಗೇಣುದ್ದ ಆಗಿದೆ. ಇದನ್ನು ಕಲಿಕೋಪಕರಣದ ವಹಿಯಲ್ಲೇ ಮುಂದುವರಿಸಬೇಕೋ, ಶಾಲಾವನದ ವಹಿಗೆ ವರ್ಗಾಯಿಸಬೇಕೋ ಎಂಬುದಕ್ಕೆ ಯಾವ ಸುತ್ತೋಲೆಯಲ್ಲೂ ಆಧಾರ ಸಿಗದ ಕಾರಣ, ಶಿಕ್ಷಕಿಯು ಷರಾ ಎಂಬ ಕೊನೆಯ ಕಾಲಂನಲ್ಲಿ ‘ಮೊಳೆತಿದೆ’ ಎಂದು ಬರೆದು ಸಹಿ ಮಾಡುತ್ತಾಳೆ. ಲೆಕ್ಕ ತಪಾಸಣೆಗೆ ಬಂದವರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಸಮಜಾಯಿಷಿ ನೀಡುವುದು’ ಎಂದು ಬರೆಯುತ್ತಾರೆ.