ಭಾವಮೈದನ ಜೊತೆ ಬೇಕರಿ ತೆರೆಯುವ ವಿಧಾನ

ಬೇಕಾಗುವ ಸಾಮಗ್ರಿ: ಮುಖ್ಯರಸ್ತೆಯಲ್ಲಿ ಒಂದು ಮಳಿಗೆ, ಒಂದು ಓವನ್, ಒಬ್ಬ ಭಾವಮೈದ, ಧಾರಾಳ ನಂಬಿಕೆ. ಕಾಗದಪತ್ರ ರುಚಿಗೆ ತಕ್ಕಷ್ಟು.

ಮೊದಲು ಪಾಲುದಾರಿಕೆ. "ನಮ್ ನಮ್ಮಲ್ಲಿ ಎಂಥಾ ಪತ್ರ ಭಾವ?" ಅಂತ ಅವನು ಕೇಳುತ್ತಾನೆ. ತಲೆಯಾಡಿಸಿ. ಪತ್ರ ಬರೆಸಿಬಿಟ್ಟಿದ್ದರೂ ನೋಂದಣಿ ಮಾಡಿಸಬೇಡಿ; 1932ರ ಪಾಲುದಾರಿಕೆ ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ. 69ನೇ ಸೆಕ್ಷನ್ ಮಾತ್ರ ಓದಲೇಬೇಡಿ. ನೋಂದಣಿಯಾಗದ ಸಂಸ್ಥೆ ಕರಾರಿನ ಬಾಕಿಗೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಅಂತ ಅಲ್ಲಿದೆ. ಮೈದಾ ಕೊಟ್ಟವನು ನಿಮ್ಮನ್ನು ಕೋರ್ಟಿಗೆಳೆಯಬಹುದು. ಸಾವಿರ ಪಫ್ ತರಿಸಿಕೊಂಡು ಕೈಯೆತ್ತಿದ ಕಲ್ಯಾಣಮಂಟಪದವನನ್ನು ನೀವು ಎಳೆಯುವಂತಿಲ್ಲ. ₹100 ಮೀರದ ಸಣ್ಣಪುಟ್ಟ ದಾವೆಗೆ ವಿನಾಯಿತಿ ಉಂಟು. ಎರಡು ಹನಿಕೇಕಿನ ಬಾಕಿಗೆ ಧೈರ್ಯವಾಗಿ ವಕೀಲರನ್ನಿಡಿ! ಇನ್ನು ವ್ಯಾಪಾರಕ್ಕೆಂದು ಸಂಸ್ಥೆಯ ಹೆಸರಲ್ಲಿ ಭಾವಮೈದ ಎತ್ತಿದ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ. ಆಗ ನಿಮ್ಮ ಹೆಂಡತಿ ಯಾರ ಕಡೆ ಎಂಬ ಬಗ್ಗೆ ಕಾಯ್ದೆ ಏನೂ ಹೇಳುವುದಿಲ್ಲ.

ನಂತರ ಉದ್ರಿ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ಕೂತು ಉದ್ರಿ ಕೊಡಿ. ಬಿಲ್ಲಿಗೆ ಸಹಿ ಕೇಳಿದರೆ ಗಿರಾಕಿಗೆ ಬೇಜಾರು, ಕೇಳಬೇಡಿ. ಹೀಗೇ ಮೂರು ವರ್ಷ ಸೌಜನ್ಯದಿಂದ ಕಾದರೆ 1963ರ ಕಾಲಮಿತಿ ಕಾಯ್ದೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ "ಇಷ್ಟು ಬಾಕಿಯಿದೆ" ಎಂದು ಬರೆಸಿ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಕ್ಕಿಬಿಡುತ್ತದೆ, ಎಚ್ಚರ. ಚೆಕ್ ಕೊಟ್ಟನೇ? ಬೌನ್ಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೀವು 31ನೇ ದಿನ ವಕೀಲರ ಮನೆಗೆ ಹೋಗಿ.

ಬೋರ್ಡಿನಲ್ಲಿ ಶೇ 60 ಕನ್ನಡ, ಆಹಾರ ಪರವಾನಗಿಯ 14 ಅಂಕಿ, ತಕ್ಕಡಿಯ ಮುದ್ರೆ, ಇವನ್ನೆಲ್ಲ ನೆನಪಿಸಲು ಯಾರಾದರೂ ಬಂದೇ ಬರುತ್ತಾರೆ. ಜಿಎಸ್‌ಟಿಗೆ 2025ರ ಜುಲೈ ಮಾದರಿಯೇ ಸಾಕು: ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂತೆಂದು ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂಟಿಸಿದರಲ್ಲ, ಹಾಗೆ. ಗಲ್ಲಾಪೆಟ್ಟಿಗೆಗೆ ಬಿದ್ದ ನೋಟೂ ವಹಿವಾಟಿನ ಲೆಕ್ಕಕ್ಕೇ ಸೇರುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ಖಾರಾಬನ್ ಕೊಟ್ಟು ಸಾಗಹಾಕಿ.

ಕೈಪಿಡಿ ಪಾಲಿಸಲು ಮನಸ್ಸಿಲ್ಲದವರಿಗೆ: ಸಂಸ್ಥೆಯನ್ನು ಯಾವಾಗ ಬೇಕಾದರೂ ನೋಂದಾಯಿಸಬಹುದು, ದಾವೆ ಹೂಡುವ ಮುಂಚೆ ಆಗಿರಬೇಕು ಅಷ್ಟೇ. ಅರ್ಜಿಗೆ ಪಾಲುದಾರರೆಲ್ಲರ ಸಹಿ ಬೇಕು. ಭಾವಮೈದ ಇನ್ನೂ ಮಾತಾಡುತ್ತಿರುವಾಗಲೇ ಹಾಕಿಸಿಕೊಳ್ಳಿ.