ಹಾಟ್‌ಡಾಗ್ ಮೀಮಾಂಸೆ: ಅಂಧಪಾಕ ಪ್ರಕರಣ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಇಲ್ಲಿ ವಿಷಯ ಹಾಟ್‌ಡಾಗ್. ಪ್ರಯೋಜನ ಹೊಟ್ಟೆ ತುಂಬುವುದು. ಅಧಿಕಾರಿ, ಎಂದರೆ ಈ ಗ್ರಂಥವನ್ನು ಓದುವ ಅರ್ಹತೆಯುಳ್ಳವನು, ಕಣ್ಣು ಕಾಣದವನಾಗಿರಬೇಕು, ಹಸಿದಿರಬೇಕು, ಅವನ ಮನೆಯಲ್ಲಿ ಒಲೆ ಇರಬೇಕು. ಕಣ್ಣುಳ್ಳವರು ಓದಲೇಬಾರದೆಂದಿಲ್ಲ, ಆದರೆ ನಡುನಡುವೆ ‘ಅಯ್ಯೋ, ಕೈ ಸುಟ್ಕೋತೀರಿ, ಇಲ್ಲಿ ಕೊಡಿ, ನಾನ್ ಮಾಡ್ತೀನಿ’ ಎಂದು ಬಾಯಿ ಹಾಕಕೂಡದು. ಉಳಿದದ್ದು ಸಂಬಂಧ. ಅದು ಸಾಸೇಜಿಗೂ ಬನ್ನಿಗೂ ಇರುವಂಥದ್ದು, ತೀರ ಸಡಿಲವಾದದ್ದು, ತುಸು ಓರೆಯಾದರೂ ಕಳಚಿಕೊಳ್ಳುವಂಥದ್ದು ಎಂಬುದನ್ನು ಮುಂದೆ ಸಾಧಿಸಲಾಗುವುದು.

ಮೊದಲ ಪೂರ್ವಪಕ್ಷ ಕಣ್ಣುಳ್ಳವರದೇ. ‘ಪ್ರತ್ಯಕ್ಷವಿಲ್ಲದೆ ಪಾಕ ಸಿದ್ಧಿಸುವುದು ಹೇಗೆ? ಕಾದದ್ದು ಗೊತ್ತಾಗಬೇಡವೆ? ಮಸ್ಟರ್ಡ್ ಬಿದ್ದದ್ದು ಬನ್ನಿನ ಮೇಲೋ ಬಟ್ಟೆಯ ಮೇಲೋ ತಿಳಿಯಬೇಡವೆ?’ ಎಂದು ಅವರು ಕೇಳುತ್ತಾರೆ. ಹೀಗೆ ಕೇಳುವವರು ನ್ಯಾಯಶಾಸ್ತ್ರದ ಹತ್ತಿರ ಸುಳಿದವರಲ್ಲ. ನೈಯಾಯಿಕರು ಮೂಗು, ನಾಲಗೆ, ಕಣ್ಣು, ಚರ್ಮ, ಕಿವಿ ಈ ಐದರಿಂದಲೂ ಬರುವ ಜ್ಞಾನವನ್ನು ಪ್ರತ್ಯಕ್ಷವೆಂದೇ ಒಪ್ಪಿದ್ದಾರೆ. ಐದರಲ್ಲಿ ಒಂದು ರಜೆ ಹಾಕಿದರೆ ನಾಲ್ಕು ಕೆಲಸಕ್ಕೆ ಬರುತ್ತವೆ. ಹಾಟ್‌ಡಾಗಿಗೆ ನಾಲ್ಕು ಧಾರಾಳವಾಯಿತು. ಇಷ್ಟರಿಂದಲೂ ಸಮಾಧಾನವಾಗದವರಿಗೆ ಒಂದು ದೃಷ್ಟಾಂತ. 2012ರಲ್ಲಿ ಅಮೆರಿಕದ ‘ಮಾಸ್ಟರ್‌ಷೆಫ್’ ಸ್ಪರ್ಧೆಯ ಮೂರನೆಯ ಆವೃತ್ತಿಯನ್ನು ಗೆದ್ದ ಹ್ಯೂಸ್ಟನ್ನಿನ ಕ್ರಿಸ್ಟೀನ್ ಹಾ ದೃಷ್ಟಿ ಕಳೆದುಕೊಂಡವರು. ಅವರು ಮಾಡಿದ ಸೇಬಿನ ಪೈ ಮುಂದಿಟ್ಟುಕೊಂಡು ತೀರ್ಪುಗಾರ ಗಾರ್ಡನ್ ರಾಮ್ಸೆ ಅದರ ಅಂಚನ್ನು ಚಾಕುವಿನಿಂದ ಕೆರೆದು ಗರಿಗರಿ ಸದ್ದನ್ನು ಅವರಿಗೆ ಕೇಳಿಸಿದರು. ಎರಡು ಕಣ್ಣೂ ನೆಟ್ಟಗಿರುವ ಮಹಾಪಾಚಕನೊಬ್ಬ ಕ್ಯಾಮೆರಾದ ಎದುರಿಗೇ ಕಿವಿಯ ಸಾಕ್ಷ್ಯಕ್ಕೆ ಶರಣಾದ ಮೇಲೆ ನಮಗೆ ವಾದಿಸುವ ಅಗತ್ಯವೇ ಇಲ್ಲ. ಆದರೂ ಶಾಸ್ತ್ರವಾದ್ದರಿಂದ ವಾದಿಸುತ್ತೇವೆ.

ಇತಿಹಾಸವನ್ನು ಬೇಗ ಮುಗಿಸೋಣ. ಸಾಸೇಜಿನ ಹುಟ್ಟೂರು ಫ್ರಾಂಕ್‌ಫರ್ಟೋ ವಿಯೆನ್ನಾವೋ ಎಂಬ ಜಗಳ ಹಳೆಯದು, ನಡೆಯಲಿ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಐದು ಸೆಂಟಿಗೊಂದರಂತೆ ಮಾರಿ ಒಂದು ಪಂಥವನ್ನು ಕಟ್ಟಿದ. ನಾವು ಅನುಸರಿಸುವುದು ಶಿಕಾಗೊ ಪಂಥ. 1893ರ ಶಿಕಾಗೊ ವಿಶ್ವಮೇಳದಲ್ಲಿ ಎಮಿಲ್ ರೈಶೆಲ್, ಸ್ಯಾಮ್ಯುಯೆಲ್ ಲಡಾನಿ ಎಂಬಿಬ್ಬರು ಸಾಸೇಜು ಮಾರಿ ವಿಯೆನ್ನಾ ಬೀಫ್ ಕಂಪನಿಗೆ ಅಡಿಪಾಯ ಹಾಕಿದರು. ಆ ಮೇಳದ ಜೊತೆಗೇ ಸರ್ವಧರ್ಮ ಸಮ್ಮೇಳನವೂ ನಡೆದಿತ್ತು. 1893ರ ಶಿಕಾಗೊ ಎಂದೊಡನೆ ನಮ್ಮವರಿಗೆ ವಿವೇಕಾನಂದರ ಭಾಷಣವೊಂದೇ ನೆನಪಾಗುವುದು, ಸಾಸೇಜಿನ ಸುದ್ದಿಯನ್ನು ಯಾರೂ ಎತ್ತದಿರುವುದು ನಮ್ಮ ಇತಿಹಾಸಕಾರರ ಏಕಪಕ್ಷೀಯ ಧೋರಣೆ. ಶಿಕಾಗೊ ನಮಗೆ ಇನ್ನೊಂದು ಬಗೆಯಲ್ಲೂ ತವರು. ನಡುವಯಸ್ಸು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡ ಶಿಕ್ಷಕ ವಿಲಿಯಂ ಹ್ಯಾಡ್ಲಿ, ಅಂಧರಿಗೆ ಅಂಚೆಯಲ್ಲಿ ಪಾಠ ಕಳಿಸುವ ಶಾಲೆಯನ್ನು 1920ರಲ್ಲಿ ಆರಂಭಿಸಿದ್ದು ಆ ನಗರದ ಮಗ್ಗುಲಿನ ವಿನೆಟ್ಕಾದಲ್ಲಿ. ಸಾಸೇಜೂ ಬ್ರೈಲೂ ಒಂದೇ ಸೀಮೆಯ ಬೆಳೆ ಎಂದು ಇದರಿಂದ ಸಿದ್ಧವಾಯಿತು. ಸಿದ್ಧವಾಗಲಿಲ್ಲ ಎನ್ನುವವರು ಮುಂದಿನ ಪ್ಯಾರಾಕ್ಕೆ ಹೋಗಬಹುದು.

ಪಾಕದ ಮಾತು. ಅಂಗಡಿಯಲ್ಲಿ ಸಿಗುವ ಹಾಟ್‌ಡಾಗ್ ಸಾಸೇಜು ಬೆಂದೇ ಬಂದಿರುತ್ತದೆ. ನಾವು ಮಾಡುವುದು ಅದನ್ನು ಬಿಸಿ ಮಾಡುವ ಕೆಲಸ ಮಾತ್ರ. ಕಣ್ಣುಳ್ಳವರು ಇದನ್ನೇ ಅಡುಗೆ ಎಂದು ಕರೆದು ಹೊಗಳಿಸಿಕೊಳ್ಳುತ್ತಾರೆ. (ಮಾಂಸ ಮುಟ್ಟದವರು ಸೋಯಾ ಸಾಸೇಜು ಹಿಡಿದು ಇದೇ ಸೂತ್ರಗಳನ್ನು ಅನ್ವಯಿಸಿಕೊಳ್ಳಬಹುದು, ಮಸ್ಟರ್ಡಿಗೆ ಆ ಭೇದವಿಲ್ಲ.) ಒಲೆ ಹಚ್ಚುವ ಮೊದಲೇ ಪಾತ್ರೆಯನ್ನು ತಣ್ಣಗಿರುವ ಬರ್ನರಿನ ಮೇಲಿಟ್ಟು, ಸುತ್ತಲೂ ಕೈಯಾಡಿಸಿ ಅದು ನಟ್ಟನಡುವೆ ಕೂತಿದೆಯೇ ನೋಡಿಕೊಳ್ಳಬೇಕು. ‘ನೋಡಿಕೊಳ್ಳಬೇಕು’ ಎಂದದ್ದಕ್ಕೆ ಆಕ್ಷೇಪಿಸುವವರು ವೈಯಾಕರಣರು, ಅವರಿಗೆ ಹಸಿವಾಗಿಲ್ಲ. ಪಾತ್ರೆಯಲ್ಲಿ ಸಾಸೇಜು ಮುಳುಗುವಷ್ಟು ನೀರು ಹಾಕಿ, ಒಲೆ ಹಚ್ಚಿ, ಕಿವಿಗೊಡಬೇಕು.

ಇಲ್ಲಿಂದ ಶಾಸ್ತ್ರದ ಅತ್ಯಂತ ಗಹನವಾದ ಭಾಗ. ನೀರು ಮೊದಲು ಮೌನಿ. ಆಮೇಲೆ ಸಣ್ಣಗೆ ಗುನುಗಲು ತೊಡಗುತ್ತದೆ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಿನ ತಣ್ಣೀರಿಗೆ ತಾಗಿ ಅಲ್ಲೇ ಒಡೆದು ಹೋಗುವ ಸದ್ದು ಅದು. ನೀರು ಪೂರಾ ಕಾದಮೇಲೆ ಗುಳ್ಳೆಗಳು ಒಡೆಯದೆ ಮೇಲಕ್ಕೆ ಬರುವುದರಿಂದ ಆ ಗುನುಗು ಅಡಗಿ ಕೊತಕೊತ ಶುರುವಾಗುತ್ತದೆ. ಕುದಿಯುವ ನೀರಿಗಿಂತ ಕುದಿಯಲಿರುವ ನೀರಿನ ಗದ್ದಲವೇ ಹೆಚ್ಚು. ಒಲೆಯ ಮುಂದೆ ಕಣ್ಣರಳಿಸಿ ನಿಂತವರು ಇದನ್ನು ಗಮನಿಸಿದ ದಾಖಲೆ ನಮಗೆ ದೊರೆತಿಲ್ಲ. ಸಾಸೇಜಿಗೆ ಬೇಕಾದದ್ದು ಆ ಗುನುಗಿನ ಕೊನೆಯ ಘಟ್ಟ. ಕೊತಕೊತ ಕುದಿಯಲು ಬಿಟ್ಟರೆ ಸಿಪ್ಪೆ ಬಿರಿದು ರುಚಿಯೆಲ್ಲ ನೀರಿನ ಪಾಲು. ಆದ್ದರಿಂದ ಗುನುಗು ಅಡಗಿದೊಡನೆ ಉರಿ ಆರಿಸಿ, ಮುಚ್ಚಳ ಮುಚ್ಚಿ, ಐದಾರು ನಿಮಿಷ ಬಿಡುವುದು ಸಿದ್ಧಾಂತ. ಕಿವಿ ಮಂದವಾದವರಿಗೆ ಪರಿಹಾರವುಂಟು: ಹಾಲು ಉಕ್ಕದಿರಲೆಂದು ಪಾತ್ರೆಯ ತಳಕ್ಕೆ ಹಾಕುವ ಬಿಲ್ಲೆಯೊಂದಿದೆ, ನೀರು ಕುದಿಯತೊಡಗಿದರೆ ಗಲಗಲ ಸದ್ದು ಮಾಡಿ ಕರೆಯುತ್ತದೆ.

ಗರ್ಭಿಣಿಯರು, 65 ವರ್ಷ ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಇಷ್ಟಕ್ಕೆ ತೃಪ್ತರಾಗದೆ ಸಾಸೇಜಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕಾಯಬೇಕು. ಲಿಸ್ಟೀರಿಯಾ ಎಂಬ ಸೂಕ್ಷ್ಮಾಣುವಿನ ಭಯವಿದೆ, ಇದು ಅಣಕವಲ್ಲ. ಅದಕ್ಕೆ ಮಾತಾಡುವ ಥರ್ಮಾಮೀಟರ್ ಸಿಗುತ್ತದೆ. ಚುಚ್ಚಿದರೆ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತದೆ. ಆಪ್ತರ ಮಾತು ಶಬ್ದಪ್ರಮಾಣ ಎಂದು ಪ್ರಾಚೀನರು ಹೇಳಿದ್ದಾರೆ. ಬ್ಯಾಟರಿ ಇರುವವರೆಗೆ ಥರ್ಮಾಮೀಟರ್ ಆಪ್ತ.

ಹುರಿದು ತಿನ್ನಬೇಕೆನ್ನುವವರು ಮೇಲೂ ಕೆಳಗೂ ಒಟ್ಟಿಗೇ ಕಾಯುವ, ಮುಚ್ಚಳದ ಗ್ರಿಲ್ ಇಟ್ಟುಕೊಳ್ಳುವುದು ಲೇಸು. ತೆರೆದ ಬಾಣಲೆಯ ಮೇಲೆ ಸಾಸೇಜು ಎಲ್ಲಿಟ್ಟರೂ ಉರುಳುತ್ತದೆ, ಇಕ್ಕಳ ಹಿಡಿದು ಅದನ್ನು ಬೆನ್ನಟ್ಟುವುದರಲ್ಲಿ ಪುರುಷಾರ್ಥವಿಲ್ಲ. ಒಲೆಯ ತಿರುಪಿಗೆ ಅಲ್ಲಲ್ಲಿ ಉಬ್ಬು ಚುಕ್ಕಿ ಅಂಟಿಸಿಕೊಂಡರೆ ಸಣ್ಣ ಉರಿ, ದೊಡ್ಡ ಉರಿ ಬೆರಳಿಗೇ ಗೊತ್ತಾಗುತ್ತದೆ. ಇತ್ತೀಚೆಗೆ ತಿರುಪೇ ಇಲ್ಲದ, ಮುಟ್ಟಿದರೆ ಸಾಕೆನ್ನುವ ನುಣ್ಣನೆ ಗಾಜಿನ ಒಲೆಗಳು ಬಂದಿವೆ. ಮುಟ್ಟಿ ನಡೆಸಬೇಕಾದ್ದನ್ನು ಮುಟ್ಟಿದರೆ ಏನೂ ತಿಳಿಯದಂತೆ ಮಾಡಿದವನ ಪ್ರತಿಭೆಯನ್ನು ಯಾವ ಪ್ರಮಾಣದಿಂದಲೂ ಅಳೆಯಲಾಗದು. ಆ ಕಂಪನಿಯ ಹೆಸರನ್ನು ನಾವು ಎತ್ತುವುದಿಲ್ಲ. ಅವರ ಒಲೆಯೂ ನಮ್ಮ ಕೈಗೆ ಏನನ್ನೂ ಹೇಳಿರಲಿಲ್ಲ.

ಇನ್ನು ಅಲಂಕಾರಪ್ರಕರಣ. ಶಿಕಾಗೊ ಪಂಥದವರ ಬನ್ನಿನ ಮೇಲೆ ಗಸಗಸೆ ಇರುತ್ತದೆ. ಒಳಗೆ ಹಳದಿ ಮಸ್ಟರ್ಡ್, ಸಿಹಿ ರೆಲಿಷ್, ಹೆಚ್ಚಿದ ಈರುಳ್ಳಿ, ಟೊಮೆಟೊ ಹೋಳು, ಉಪ್ಪುನೀರಿನಲ್ಲಿ ನೆನೆದ ಸೌತೆಯ ಉದ್ದನೆ ಸೀಳು, ವಿನೆಗರಿನ ಪುಟ್ಟ ಮೆಣಸಿನಕಾಯಿ, ಎಲ್ಲಕ್ಕೂ ಮೇಲೆ ಸೆಲರಿ ಉಪ್ಪು. ಆ ರೆಲಿಷ್ಷಿಗೆ ಕೃತಕ ಬಣ್ಣ ಹಾಕಿ ಕಣ್ಣು ಕುಕ್ಕುವ ಹಸಿರು ಮಾಡಿರುತ್ತಾರಂತೆ. ನಮ್ಮ ಅಡುಗೆಮನೆಯಲ್ಲಿ ಆ ಬಣ್ಣ ಯಾರಿಗೂ ತೊಂದರೆ ಕೊಟ್ಟಿಲ್ಲ. ಮಸ್ಟರ್ಡನ್ನು ಅಂಕುಡೊಂಕಾಗಿ ಎಳೆಯುವ ಪದ್ಧತಿಯೂ ಕಣ್ಣಿಗಾಗಿಯೇ ಇರುವಂಥದ್ದು. ನಾಲಗೆಗೆ ನೇರಗೆರೆ ಸಾಕು.

ಶಿಕಾಗೊದವರು ಕೆಚಪ್ಪನ್ನು ಮಹಾಪಾತಕವೆಂದು ಬಗೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಹಾಟ್‌ಡಾಗ್ ಮತ್ತು ಸಾಸೇಜ್ ಮಂಡಲಿ ಎಂಬುದೊಂದು ನಿಜವಾಗಿಯೂ ಇದೆ, ನಾವು ಕಟ್ಟಿದ ಕಥೆಯಲ್ಲ. ಅದರ ಶಿಷ್ಟಾಚಾರ ಸಂಹಿತೆಯೂ ಹದಿನೆಂಟು ದಾಟಿದವರಿಗೆ ಕೆಚಪ್ ನಿಷಿದ್ಧವೆನ್ನುತ್ತದೆ. ನಿಷೇಧದ ಕಾರಣವೇನು? ಟೊಮೆಟೊದ ಸಿಹಿ ಮಿಕ್ಕ ರುಚಿಗಳನ್ನು ಮುಚ್ಚಿಬಿಡುತ್ತದೆ ಎಂಬುದು ಹಳೆಯ ಭಾಷ್ಯಕಾರರ ಮತ. ನಮ್ಮ ಮತ ಬೇರೆ. ಕೆಚಪ್ಪೂ ಮಸ್ಟರ್ಡೂ ಒಂದೇ ಆಕಾರದ, ಒಂದೇ ತೂಕದ, ಹಿಚುಕುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತವೆ. ಕಣ್ಣುಳ್ಳವರಿಗೆ ಒಂದು ಕೆಂಪು, ಒಂದು ಹಳದಿ. ನಮಗೆ ಎರಡೂ ಬಾಟಲಿ. ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಸಮಸ್ಯೆ ತೀರಿತು ಎನ್ನಬಹುದು. ಆದರೆ ಅತಿಥಿಗಳು ಆ ರಬ್ಬರ್ ಬ್ಯಾಂಡನ್ನು ಯಾರೋ ಮರೆತದ್ದೆಂದು ತಿಳಿದು ತೆಗೆದುಹಾಕುತ್ತಾರೆ. ಮನೆಗೆ ಕೆಚಪ್ಪೇ ಬರಕೂಡದು ಎಂದುಬಿಟ್ಟರೆ ಉಳಿಯುವ ಬಾಟಲಿ ಯಾವುದೆಂದು ಅನುಮಾನಪ್ರಮಾಣದಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಈ ನಿಷೇಧವನ್ನು ಮೊದಲು ಹೊರಡಿಸಿದವನು ಕಣ್ಣು ಕಾಣದ ಬಾಣಸಿಗನೇ ಇರಬೇಕು ಎಂದು ನಾವು ಊಹಿಸುತ್ತೇವೆ. ಊಹೆಯನ್ನು ಸಮರ್ಥಿಸುವ ಆಧಾರ ಒಂದೂ ಇಲ್ಲ. ವಿರೋಧಿಸುವುದೂ ಇಲ್ಲವೆಂಬುದೇ ನಮ್ಮ ಬಲ. ಕೆಚಪ್ ಬಿಡಲಾರದ ದುರ್ಬಲಮನಸ್ಕರು ಹೈಂಜ಼್ ಕಂಪನಿಯ ಗಾಜಿನ ಬಾಟಲಿ ತರಲಿ. ಅದಕ್ಕೆ ಎಂಟು ಮೂಲೆಗಳಿವೆ, ಕೈಗೆ ಸಿಕ್ಕೊಡನೆ ಹೆಸರು ಹೇಳಿಕೊಳ್ಳುತ್ತದೆ.

ಅದೇ ಸಂಹಿತೆಯ ಇನ್ನೊಂದು ವಿಧಿಯನ್ನು ನಾವು ಖಂಡಿಸಬೇಕಾಗಿದೆ. ಮಸ್ಟರ್ಡ್ ಮೊದಲಾದವನ್ನು ಸಾಸೇಜಿನ ಮೇಲೆ ಹಾಕಬೇಕೇ ಹೊರತು ಬನ್ನಿಗೆ ಸವರಬಾರದು, ಮೊದಲು ದ್ರವ, ಆಮೇಲೆ ಗಟ್ಟಿ, ಆಮೇಲೆ ಚೀಸ್, ಕೊನೆಗೆ ಪುಡಿ ಎಂದು ಮಂಡಲಿ ಅಪ್ಪಣೆ ಕೊಡಿಸಿದೆ. ಕ್ರಮವನ್ನು ಒಪ್ಪಿದೆವು, ಸ್ಥಾನವನ್ನು ಒಪ್ಪಲಾರೆವು. ಸಾಸೇಜು ದುಂಡಗಿದೆ, ಜಾರುತ್ತದೆ, ಸುಡುತ್ತದೆ. ಅದರ ನೆತ್ತಿಯ ಮೇಲೆ ಗೆರೆ ಎಳೆಯುವುದು ಗುರಿ ಹಿಡಿಯಬಲ್ಲವರ ಆಟ. ಬನ್ನು ತಣ್ಣಗಿದೆ, ಇಟ್ಟಲ್ಲಿ ಇರುತ್ತದೆ, ಅದರ ಬಾಯಿ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ಎಡಗೈ ತೋರುಬೆರಳು ಹೇಳುತ್ತದೆ. ಬೆರಳು ಮುಂದೆ, ಬಾಟಲಿಯ ಮೂತಿ ಹಿಂದೆ. ಈ ತುದಿಯಿಂದ ಆ ತುದಿಗೆ ಹೋದರೆ ಮುಗಿಯಿತು. ಆಮೇಲೆ ಸಾಸೇಜನ್ನು ಇಕ್ಕಳದಲ್ಲಿ ತಂದು ಮಲಗಿಸಿ, ಒಂದು ಮಗ್ಗುಲಿಗೆ ಟೊಮೆಟೊ, ಇನ್ನೊಂದು ಮಗ್ಗುಲಿಗೆ ಸೌತೆಯ ಸೀಳು ಒತ್ತಿದರೆ ಅದು ಅಲುಗಾಡುವುದಿಲ್ಲ. ನ್ಯೂ ಇಂಗ್ಲೆಂಡ್ ಕಡೆಯಲ್ಲಿ ಮೇಲಿನಿಂದ ಸೀಳಿದ, ಪಕ್ಕಗಳು ಚಪ್ಪಟೆಯಾದ ಬನ್ನು ಸಿಗುತ್ತದೆ, ಯಾರೂ ಹಿಡಿಯದೆ ನೆಟ್ಟಗೆ ನಿಲ್ಲುತ್ತದೆ. ಪಂಥದ್ರೋಹವಾದರೂ ಹೇಳುತ್ತೇವೆ, ಅದು ಶಿಕಾಗೊದ ಬನ್ನಿಗಿಂತ ಮೇಲು.

ಈರುಳ್ಳಿಯ ವಿಚಾರದಲ್ಲಿ ಒಂದು ಘೋರ ಅನ್ಯಾಯವನ್ನು ದಾಖಲಿಸಬೇಕು. ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗೆಣ್ಣಿಗೆ ಅಲಗು ತಾಗಿಸಿಕೊಂಡು ಹೆಚ್ಚುವುದಕ್ಕೆ ಕಣ್ಣು ಬೇಕಿಲ್ಲ. ಆದರೂ ಈರುಳ್ಳಿ ಕಣ್ಣೀರು ಹಾಕಿಸಿಯೇ ಹಾಕಿಸುತ್ತದೆ. ಈ ಅಂಗ ಯಾವ ಕೆಲಸಕ್ಕೂ ಇಲ್ಲವೆಂದು ಎಷ್ಟು ಹೇಳಿದರೂ ಅದು ಕೇಳುವುದಿಲ್ಲ, ಸುಂಕವನ್ನು ಪೂರ್ತಿ ವಸೂಲು ಮಾಡುತ್ತದೆ.

ಬನ್ನಿನ ಮೇಲಿನ ಗಸಗಸೆಯನ್ನು ಲಿಪಿಯೆಂದು ಓದುವ ಯತ್ನವೂ ನಮ್ಮ ಪಂಥದಲ್ಲಿ ನಡೆದಿದೆ. ಬ್ರೈಲ್ ಲಿಪಿಯ ಒಂದು ಕೋಶದಲ್ಲಿ ಆರು ಚುಕ್ಕಿಗಳ ಜಾಗ. ಭಾರತಿ ಬ್ರೈಲಿನಂತೆ ಎಡಸಾಲಿನ ಮೇಲಿನ ಒಂದೇ ಚುಕ್ಕಿ ‘ಅ’, ಅದರ ಕೆಳಗೆ ಇನ್ನೊಂದು ಸೇರಿದರೆ ‘ಬ’, ಮೂರೂ ಸೇರಿದರೆ ‘ಲ’. ಬೆರಳಾಡಿಸುತ್ತ ಹೋದರೆ ಎಲ್ಲೋ ಒಂದು ಕಡೆ ‘ಬಲ’ ಎಂದು ಸಿಕ್ಕೇ ಸಿಗುತ್ತದೆ. ಇದು ಬಲವರ್ಧಕ ಆಹಾರವೆಂಬ ಘೋಷಣೆಯೋ, ಬಲಗಡೆಯಿಂದ ಕಚ್ಚಬೇಕೆಂಬ ಸೂಚನೆಯೋ ಎಂಬುದರಲ್ಲಿ ಪಾಠಾಂತರಗಳಿವೆ. ಸಂಶೋಧನೆ ಮುಂದುವರಿಯಲು ಮುಖ್ಯ ಅಡ್ಡಿಯೆಂದರೆ ಓದುತ್ತಿರುವಾಗಲೇ ಅಕ್ಷರಗಳು ಉದುರುವುದು, ಹಸ್ತಪ್ರತಿಯನ್ನು ಸಂಶೋಧಕರೇ ತಿಂದುಬಿಡುವುದು.

ಹಾಟ್‌ಡಾಗ್ ಸ್ಯಾಂಡ್‌ವಿಚ್ ಜಾತಿಗೆ ಸೇರಿದ್ದೇ ಎಂಬ ವಿವಾದದಲ್ಲಿ ಮಂಡಲಿ 2015ರಲ್ಲಿ ‘ಅಲ್ಲ’ ಎಂದಿತು, ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು 2016ರಲ್ಲಿ ‘ಹೌದು’ ಎಂದರು. ಇಬ್ಬರೂ ಕಣ್ಣಿನಿಂದ ತೀರ್ಮಾನಿಸಿದವರು. ಬನ್ನಿನ ಸುತ್ತ ಒಮ್ಮೆ ಹೆಬ್ಬೆರಳು ಹಾಯಿಸಿದರೆ ಒಂದು ಕಡೆ ಸೀಳಿಲ್ಲದಿರುವುದು ತಿಳಿಯುತ್ತದೆ. ಎರಡು ಬೇರೆ ತುಂಡುಗಳೇ ಇಲ್ಲದ ಮೇಲೆ ಸ್ಯಾಂಡ್‌ವಿಚ್ ಎಲ್ಲಿಯದು? ಹತ್ತು ಸಾಸೇಜಿನ ಪೊಟ್ಟಣಕ್ಕೆ ಎಂಟೇ ಬನ್ನಿನ ಪೊಟ್ಟಣ ಏಕೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಮುಟ್ಟುವುದಿಲ್ಲ. ಅದು ಕಣ್ಣುಳ್ಳವರಿಗೂ ಕಾಣದವರಿಗೂ ಸಮಾನವಾಗಿ ಅಗೋಚರ.

ಭೋಜನವಿಧಿಯಲ್ಲಿ ಹೆಚ್ಚು ಹೇಳುವುದಿಲ್ಲ. 1939ರ ಜೂನ್ 11ರಂದು ಅಮೆರಿಕದ ಹೈಡ್ ಪಾರ್ಕಿನ ವನಭೋಜನದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬ್ರಿಟನ್ನಿನ ಆರನೆಯ ಜಾರ್ಜ್ ದೊರೆಗೆ ಬಡಿಸಿದ್ದೂ ಇದನ್ನೇ. ದೊರೆ ಕೈಯಲ್ಲೇ ಹಿಡಿದು ತಿಂದ. ಐದು ತುತ್ತು ಮೀರಬಾರದು, ಅಡಿಯುದ್ದದ್ದಾದರೆ ಏಳು, ಬೆರಳಿಗೆ ಮೆತ್ತಿದ ಮಸ್ಟರ್ಡನ್ನು ತೊಳೆಯದೆ ನೆಕ್ಕಬೇಕು ಎಂಬುವೂ ಮಂಡಲಿಯ ವಿಧಿಗಳೇ. ತುತ್ತು ಎಣಿಸುವುದನ್ನು ವಿಕಲ್ಪಕ್ಕೆ ಬಿಟ್ಟಿದ್ದೇವೆ. ಬೆರಳಿನ ವಿಧಿಯನ್ನು ನಮ್ಮ ಪಂಥ ಯಾವ ಪೂರ್ವಪಕ್ಷವನ್ನೂ ಎತ್ತದೆ ಶಿರಸಾವಹಿಸಿದೆ, ಏಕೆಂದರೆ ಮೇಲೆ ವಿವರಿಸಿದ ವಿಧಾನದಲ್ಲಿ ಮಸ್ಟರ್ಡಿನ ಹೆಚ್ಚಿನ ಪಾಲು ಇರುವುದು ಎಡಗೈ ತೋರುಬೆರಳಿನಲ್ಲೇ.