ಒಮ್ಮೆ ಬರೆಯಿರಿ, ಹತ್ತು ಸಲ ಬರೆಯಿರಿ

'ಬರೆದದ್ದನ್ನೇ ಬರೆಯಬೇಡಿ.' ಹಂಟ್ ಮತ್ತು ಥಾಮಸ್ ಎಂಬಿಬ್ಬರು 1999ರಲ್ಲಿ ಪುಸ್ತಕ ಬರೆದು ಹೇಳಿದ ಮಾತಿದು. ಪುಣೆಯ ಹಿಂಜವಡಿಯ ನಮ್ಮ ಆರ್ಕಿಟೆಕ್ಟ್ ಸಾಹೇಬರು ಇದನ್ನು ಪ್ರತಿ ಕ್ವಾರ್ಟರೂ ಹೇಳುತ್ತಾರೆ. ಅದೇ ಸ್ಲೈಡು. ಅದೇ ಜೋಕು. ವಾಕಡ್ ಟ್ರಾಫಿಕ್ಕಿನಲ್ಲಿ ಬೆಂದು ಬಂದವರು ತಲೆಯಾಡಿಸುತ್ತಾರೆ.

ಆಮೇಲೆ ಪ್ರಾಜೆಕ್ಟ್ ತೆರೆದು ನೋಡಿ. ಬ್ರೌಸರಿನ ಸೆಷನ್ ಸ್ಟೋರೇಜ್ ನೋಡಿಕೊಳ್ಳಲು 'ಸ್ಟೋರೇಜ್‌ಹೆಲ್ಪರ್'. ಪಕ್ಕದಲ್ಲೇ 'ಸ್ಟೋರೇಜ್‌ಯುಟಿಲ್'. ಕೆಳಗೆ 'ಹೆಲ್ಪರ್‌ನ್ಯೂ'. ಇನ್ನೊಂದು ಫೋಲ್ಡರಿನಲ್ಲಿ 'ಹೆಲ್ಪರ್‌ನ್ಯೂ2'. ಎಲ್ಲದರ ತಲೆಯ ಮೇಲೂ ಒಂದೇ ಕಾಮೆಂಟು: ಮರುಬಳಕೆಗಾಗಿ.

ಕೆಲಸವಾದರೂ ಎಂಥ ಮಹಾ? ಇಡುವುದು, ತೆಗೆಯುವುದು, ಒಂದನ್ನು ಅಳಿಸುವುದು, ಎಲ್ಲವನ್ನೂ ಅಳಿಸುವುದು. ಇಷ್ಟನ್ನೂ ಬ್ರೌಸರೇ ಕೊಟ್ಟಿದೆ. ಅದಕ್ಕೆ ಸ್ಟ್ರಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲ, ಹಾಗಾಗಿ ಇಡುವಾಗ ಜೇಸನ್ ಮಾಡಬೇಕು, ತೆಗೆದಾಗ ಬಿಚ್ಚಬೇಕು. ಸುಮಾರು 5 ಎಂಬಿ ತುಂಬಿದರೆ ಎರರ್ ಬರುತ್ತದೆ, ಹಿಡಿಯಬೇಕು. ಕೀಗಳಿಗೆ ತಂಡದ ಹೆಸರಿನ ಪ್ರಿಫಿಕ್ಸ್ ಹಾಕಬೇಕು. ಒಂದು ಸ್ಕ್ರೀನಿನಲ್ಲಿ ಮುಗಿಯುವ ಕೋಡು.

ಮುಗಿಯುವುದಿಲ್ಲ. ಒಬ್ಬರ ಹೆಲ್ಪರ್ ಜೇಸನ್ ಮಾಡುತ್ತದೆ, ಇನ್ನೊಬ್ಬರದು ಮಾಡುವುದಿಲ್ಲ. 'ಫಾಲ್ಸ್' ಎಂದು ಇಟ್ಟದ್ದು ವಾಪಸು ಬರುವಾಗ ಬರೀ ಐದು ಇಂಗ್ಲಿಷ್ ಅಕ್ಷರ. ಜಾವಾಸ್ಕ್ರಿಪ್ಟಿಗೆ ಖಾಲಿಯಲ್ಲದ ಸ್ಟ್ರಿಂಗ್ ಎಲ್ಲವೂ ನಿಜ. ಸುಳ್ಳು ಒಳಗೆ ಹೋಗಿ ಸತ್ಯವಾಗಿ ಹೊರಬರುತ್ತದೆ. ಕ್ಲೈಂಟಿಗೆ ಕಳಿಸುವ ಸ್ಟೇಟಸ್ ರಿಪೋರ್ಟಿಗೂ ಇದೇ ಹೆಲ್ಪರ್ ಬಳಸುತ್ತಾರೋ ಏನೋ.

ಕಾರ್ಟ್ ತಂಡದವರಿಗೆ ಪ್ರಿಫಿಕ್ಸ್ ಎಂದರೆ ಅಲರ್ಜಿ. ಸೀದಾ 'ಕ್ಲಿಯರ್' ಹೊಡೆಯುತ್ತಾರೆ. ಪೇಮೆಂಟ್ ತಂಡದವರು ಇಟ್ಟುಕೊಂಡದ್ದೂ ಗುಡಿಸಿಹೋಗುತ್ತದೆ. ಜಗಳ ಶುರು. ಜಗಳಕ್ಕೊಂದು ಮೀಟಿಂಗು. ಮೀಟಿಂಗಿನ ಫಲ, ಪೇಮೆಂಟ್ ತಂಡಕ್ಕೆ ಸ್ವಂತ ಹೆಲ್ಪರ್.

ಭದ್ರತೆಗೇನೂ ಕಮ್ಮಿಯಿಲ್ಲ ಬಿಡಿ. ಗೇಟಿನಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರು. ಪೆನ್‌ಡ್ರೈವ್ ತಂದರೆ ಕಥೆ ಮುಗಿಯಿತು. ಒಳಗೆ ಗ್ರಾಹಕರ ಲಾಗಿನ್ ಟೋಕನ್ ಸೆಷನ್ ಸ್ಟೋರೇಜಿನಲ್ಲಿ ಬಿದ್ದಿರುತ್ತದೆ. ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು, ಜಾಹೀರಾತಿನವರು ತುರುಕಿದ್ದೂ ಸೇರಿ. ಕೇಳಿದರೆ, 'ಟ್ಯಾಬ್ ಮುಚ್ಚಿದರೆ ಹೋಗುತ್ತಲ್ಲ ಸಾರ್, ಸೇಫ್.' ಕಳ್ಳ ಟ್ಯಾಬ್ ಮುಚ್ಚುವವರೆಗೂ ಕಾಯುತ್ತಾನೆ, ಪಾಪ.

ಕಾಯದೇ ಸಾಯುವವನು ಗ್ರಾಹಕ. ಪ್ಯಾನ್ ನಂಬರು, ವಿಳಾಸ, ಅಜ್ಜನ ಹೆಸರು ಎಲ್ಲ ತುಂಬಿ, ಬಡ್ಡಿದರ ನೋಡೋಣವೆಂದು ಪುಟದ ವಿಳಾಸವನ್ನು ಇನ್ನೊಂದು ಟ್ಯಾಬಿಗೆ ಅಂಟಿಸುತ್ತಾನೆ. ಅಲ್ಲಿ ಅವನ ಗುರುತೇ ಇಲ್ಲ. ಟ್ಯಾಬಿಗೊಂದು ಸ್ಟೋರೇಜು ಎಂಬ ನಿಯಮ ಅವನಿಗೆ ಗೊತ್ತಿರಬೇಕಿಲ್ಲ. ಕೋಡು ಬರೆದವರಿಗೆ ಗೊತ್ತಿರಬೇಕಿತ್ತು. ಅವರು ಕಂಡುಕೊಂಡ ಪರಿಹಾರ ಕೆಂಪಕ್ಷರದ್ದು: 'ದಯವಿಟ್ಟು ಬೇರೆ ಟ್ಯಾಬ್ ತೆರೆಯಬೇಡಿ, ಬ್ಯಾಕ್ ಬಟನ್ ಒತ್ತಬೇಡಿ.'

ಕಂಪನಿಯ ಎಲ್ಲ ಪ್ರಾಜೆಕ್ಟುಗಳಲ್ಲೂ ಒಂದಕ್ಷರ ಬದಲಾಗದೆ ಮರುಬಳಕೆಯಾಗುತ್ತಿರುವ ಕಾಂಪೊನೆಂಟ್ ಇದೊಂದೇ.